ಕರಗುವ ಪ್ಲಾಸ್ಟಿಕ್: ಹೆಸರಿಗೆ ಮರುಳಾಗುವುದು ಬೇಡ



2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳಿಗೆ ದೇಶದಲ್ಲಿ ನಿಷೇಧ ಬಂದಿದೆ. ಅವುಗಳ ಜಾಗದಲ್ಲಿ ಹಸಿರು ಎಲೆಯ ಚಿತ್ರ ಹೊತ್ತ 'ಮಣ್ಣಿನಲ್ಲಿ ಕರಗುವ' ಸಾಮಾನುಗಳು ಪೇಟೆಗೆ ಬಂದಿವೆ. ಚೀಲವನ್ನು ಅಡಿಕೆ ಮರದ ಬುಡಕ್ಕೆ ಎಸೆದರೆ ಗೊಬ್ಬರವಾಯಿತೆಂದು ನಂಬುವವರು ನಮ್ಮಲ್ಲಿದ್ದಾರೆ. ಆ ನಂಬಿಕೆಯನ್ನು ನಾವು ಒಪ್ಪುವುದಿಲ್ಲ.

ಕರಗುವ ಪೊರೆ ಇದೆ, ಅದು ಸುಳ್ಳಲ್ಲ. ಮನೆಯಲ್ಲೇ ಮಾಡಬಹುದು. ಮರಗೆಣಸಿನ ದಪ್ಪ ಸಿಪ್ಪೆಯನ್ನು (ಹಸಿಯಾಗಿ ದನಕ್ಕೆ ಹಾಕಬೇಡಿ, ವಿಷ) ತೊಳೆದು ಅರೆದು, ಬಟ್ಟೆಯಲ್ಲಿ ಸೋಸಿ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ನಿಲ್ಲುತ್ತದೆ. ಹಲಸಿನ ಬೀಜದಿಂದಲೂ ಬರುತ್ತದೆ. ಒಂದು ದೊಡ್ಡ ಚಮಚ ಹಿಟ್ಟಿಗೆ ನಾಲ್ಕು ಚಮಚ ನೀರು, ಒಂದೊಂದು ಸಣ್ಣ ಚಮಚ ವಿನೆಗರ್ ಮತ್ತು ಗ್ಲಿಸರಿನ್. ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಅಂಟಾಗಿ ತಿಳಿಯಾಗುತ್ತದೆ. ತಟ್ಟೆಗೆ ತೆಳ್ಳಗೆ ಹರವಿ ಒಂದೆರಡು ದಿನ ನೆರಳಿನಲ್ಲಿ ಒಣಗಿಸಿದರೆ ಪೊರೆ ಎದ್ದು ಬರುತ್ತದೆ. ಗ್ಲಿಸರಿನ್ ಬಿಟ್ಟರೆ ಹಪ್ಪಳದಂತೆ ಮುರಿಯುತ್ತದೆ.

ಆದರೆ ನೀರು ತಾಗಿದರೆ ಇದು ಮೆತ್ತಗಾಗುತ್ತದೆ. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಗೆ ಎಲ್ಲಿಯ ಲೆಕ್ಕ? ವರ್ಷವಿಡೀ ನೀರು ಬೇಡುವ ಅಡಿಕೆ ಸಸಿಯ ತೊಟ್ಟೆಗೆ ಆಗದು. ಒಣ ಬಿತ್ತನೆ ಬೀಜ ಕಟ್ಟಿಡಲು ಆದೀತು.

ಅಂಗಡಿಯ ಗಟ್ಟಿ ಚೀಲದ ಕಥೆಯೇ ಬೇರೆ. ಜೋಳ, ಕಬ್ಬಿನ ಸಕ್ಕರೆಯಿಂದ ಮಾಡಿದ ಪಿ.ಎಲ್.ಎ. ಎಂಬ ಬಗೆ ಗೊಬ್ಬರವಾಗಲು ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ಬೇಕು. ನಮ್ಮ ಹಟ್ಟಿಯ ಗೊಬ್ಬರಗುಂಡಿ ಅಷ್ಟು ಕಾಲ ಹಾಗೆ ಕಾಯುವುದಿಲ್ಲ. ಮತ್ತೆ ಕೆಲವು, ಮಾಮೂಲು ಪಾಲಿಥಿನ್ನಿಗೇ ಲೋಹದ ಲವಣ ಬೆರೆಸಿದವು. ಬಿಸಿಲಿಗೆ ಪುಡಿಯಾಗಿ ಕಣ್ಣಿಗೆ ಮರೆಯಾಗುತ್ತವೆ, ಮಣ್ಣಿನಲ್ಲಿ ಉಳಿಯುತ್ತವೆ. ಒಲೆ ಹೊತ್ತಿಸಲು ಇವನ್ನು ಉಪಯೋಗಿಸುವ ಮನೆಗಳೂ ಇವೆ. ಆ ಹೊಗೆ ಮೊದಲು ಹೋಗುವುದು ಅಡುಗೆ ಮಾಡುವ ತಾಯಂದಿರ ಎದೆಗೆ.

ಅಡಿಕೆ ಹಾಳೆ, ಬಾಳೆಲೆ ಹಿತ್ತಲಲ್ಲೇ ಇರುವಾಗ ಚರ್ಚಿನ ಹಬ್ಬದ ಊಟಕ್ಕೆ ಪೊರೆ ಅಂಟಿಸಿದ ಕಾಗದದ ತಟ್ಟೆ ಏಕೆ? ಬರುವ ಹಬ್ಬಕ್ಕೆ ಅದನ್ನು ತರಿಸುವುದು ಬೇಡವೆಂಬುದು ನಮ್ಮ ಅಭಿಪ್ರಾಯ. ವಾಳೆಯ ಗುರಿಕಾರರು ಮನೆಮನೆಗಳಲ್ಲಿ ವಿಚಾರಿಸಿ ಎಷ್ಟು ಹಾಳೆ ಸಿಗುವುದೆಂದು ತಿಳಿಸಲಿ. ಹರಿತ ಕರ್ಮ ಸೇನೆಯವರಿಗೆ ಕೊಡುವ ಪ್ಲಾಸ್ಟಿಕ್ಕಿನೊಂದಿಗೆ ಈ 'ಕರಗುವ' ಚೀಲ ಬೆರೆಸಬೇಡಿ. ಮರುಬಳಕೆಯ ಮಾಲು ಕೆಡುತ್ತದೆ.