ಕೊಟ್ಟಿಗೆ ಲೆಕ್ಕ – 4: ಲಸಿಕೆ ಪುಕ್ಕಟೆ, ಹಾಲಿನ ನಷ್ಟ ಯಾರದ್ದು?

ಕಾಲುಬಾಯಿ ಜ್ವರದ ಲಸಿಕೆ ಹಾಕೋರು ಊರಿಗೆ ಬಂದ ದಿನ ಗಮನಿಸಿ. ಮಳವಳ್ಳಿ ಕಡೆ ಆಗ್ಲಿ, ಮದ್ದೂರು ಕಡೆ ಆಗ್ಲಿ, ಈ ಮಾತು ಕೇಳೇ ಕೇಳುತ್ತೆ: "ಬ್ಯಾಡ ಕಣಣ್ಣ, ಸೂಜಿ ಹಾಕಿದ್ರೆ ಹಾಲು ಕಮ್ಮಿ ಆಯ್ತದೆ."

ಇದನ್ನ ಮೂಢನಂಬಿಕೆ ಅಂತ ನಗೋರಿದ್ದಾರೆ. ಆದ್ರೆ ಮಾತು ಸುಳ್ಳಲ್ಲ. ಲಸಿಕೆ ಆದ್ಮೇಲೆ ಕೆಲವು ಹಸುಗಳಿಗೆ ಸಣ್ಣ ಜ್ವರ ಬರುತ್ತೆ, ಕೆಲವು ದಿನ ಹಾಲು ಇಳಿಯುತ್ತೆ, ಆಮೇಲೆ ಸರಿಹೋಗುತ್ತೆ.

ಲೆಕ್ಕಕ್ಕೆ ಹೀಗೆ ಹಿಡ್ಕೊಳ್ಳಿ: ದಿನಕ್ಕೆ 2 ಲೀಟರ್ ಇಳಿದ್ರೆ 3 ದಿನಕ್ಕೆ 6 ಲೀಟರ್. ಲೀಟರ್‌ಗೆ 35 ರೂಪಾಯಿ ಅಂದ್ರೆ 210 ರೂಪಾಯಿ. ನಮಗೆ ಇದು ಒಂದು ಮೊಬೈಲ್ ರೀಚಾರ್ಜ್. ಡೇರಿ ಬಟವಾಡೆ ನಂಬಿ ಹಿಂಡಿ, ಬೂಸ ಸಾಲ ತಂದಿರೋ ಮನೆಗೆ ಹಾಗಲ್ಲ.

ಈಗ ಇನ್ನೊಂದು ಕಡೆ ನೋಡಿ. ರೋಗ ಬಂದ್ರೆ ಬಾಯಲ್ಲಿ ಹುಣ್ಣು, ಗೊರಸಿನ ಸಂದಲ್ಲಿ ಗಾಯ. ದನ ಮೇವು ಮುಟ್ಟಲ್ಲ, ಜೊಲ್ಲು ಸುರಿಸ್ತಾ ನಿಲ್ಲುತ್ತೆ. ಕರುಗಳು ದಿಢೀರ್ ಅಂತ ಸಾಯ್ತವೆ. ಬದುಕಿದ ಎಷ್ಟೋ ಹಸು ಮೊದಲಿನಷ್ಟು ಹಾಲು ಕೊಡಲ್ಲ, ಬಿಸಿಲಿಗೆ ಏದುಸಿರು ಬಿಡ್ತವೆ, ಗಬ್ಬ ಕಟ್ಟಲ್ಲ. 2013ರಲ್ಲಿ ಈ ರೋಗಕ್ಕೆ ರಾಜ್ಯದಲ್ಲಿ ಸಾವಿರಾರು ದನ ಸತ್ತವು.

ಹಾಗಾದ್ರೆ ಎಲ್ರೂ ಹಾಕಿಸ್ಬೇಕಲ್ವಾ? ಹಾಕಿಸ್ಬೇಕು. ಊರಿನ 100 ದನದಲ್ಲಿ 80ಕ್ಕಾದ್ರೂ ಲಸಿಕೆ ಬಿದ್ರೆ ರೋಗ ಹಬ್ಬೋದು ಕಷ್ಟ. ಅಂದ್ರೆ ನಿಮ್ಮ ಹಸುಗೆ ಹಾಕಿಸಿದ ಸೂಜಿ ಪಕ್ಕದ ಕೊಟ್ಟಿಗೆಯನ್ನೂ ಕಾಯುತ್ತೆ. ಲಾಭ ಇಡೀ ಊರಿಗೆ, ನಷ್ಟ ಮಾತ್ರ ಒಂದು ಮನೆಗೆ. ತಪ್ಪಿರೋದು ಇಲ್ಲೇ.

ನನ್ನ ಅಭಿಪ್ರಾಯ ಇಷ್ಟೇ: ಲಸಿಕೆ ಹಾಕಿಸಿದ ಪ್ರತಿ ಕರೆಯುವ ಹಸುಗೆ 200 ರೂಪಾಯಿ ಡೇರಿ ಬಟವಾಡೆಗೇ ಸೇರಿಸಿ ಕೊಡಲಿ. ಕಿವಿ ಓಲೆಯಲ್ಲಿ 12 ಅಂಕಿಯ ನಂಬರ್ ಇದೆ. ಡೇರಿಯಲ್ಲಿ ಮನೆಮನೆಯ ಹಾಲಿನ ಲೆಕ್ಕ ಇದೆ. ಎರಡನ್ನೂ ಜೋಡಿಸಿದ್ರೆ ಸಾಕು.

"ದುಡ್ಡೆಲ್ಲಿಂದ ತರೋದು?" ಅಂತೀರಾ? 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಹಸುಗೆ 20,000, ಎತ್ತಿಗೆ 30,000, ಕರುಗೆ 5,000 ರೂಪಾಯಿ ಪರಿಹಾರ ಅಂತ ಸರ್ಕಾರವೇ ಘೋಷಿಸ್ತು. ಬೇಕಾದ್ದೇ, ಬೇಡ ಅನ್ನಲ್ಲ. ಆದ್ರೆ ಸತ್ತ ಒಂದು ಹಸುವಿನ ಪರಿಹಾರದಲ್ಲಿ ಬದುಕಿರೋ 100 ಹಸುವಿನ ಹಾಲಿನ ನಷ್ಟ ತುಂಬಬಹುದು.

ದೇಶದಲ್ಲಿ ಕಾಲುಬಾಯಿ ಜ್ವರವನ್ನ 2030ರೊಳಗೆ ನಿರ್ಮೂಲ ಮಾಡ್ತೀವಿ ಅಂತ 2019ರಲ್ಲಿ ಕೇಂದ್ರದ ಯೋಜನೆ ಶುರುವಾಯ್ತು. ಪುಕ್ಕಟೆ ಲಸಿಕೆ ಅಷ್ಟೇ ಕೊಟ್ರೆ ಅದು ಆಗಲ್ಲ.

ದುಡ್ಡು ಬರೋ ತನಕ ಕಾಯ್ಬೇಡಿ, ಈ ಸಲ ಹಾಕಿಸಿಬಿಡಿ. ಡೇರಿ ಸಂಘದ ಮುಂದಿನ ಸಭೆಯಲ್ಲಿ ಈ ಮಾತು ಎತ್ತಿ. ನಿಮ್ಮೂರಲ್ಲಿ ಎಷ್ಟು ಮನೆ ಲಸಿಕೆ ಬಿಟ್ರು, ಯಾಕೆ ಬಿಟ್ರು? ಕಾಮೆಂಟಲ್ಲಿ ಬರೀರಿ.

#ಕೊಟ್ಟಿಗೆಲೆಕ್ಕ #ಮಂಡ್ಯ #ಮದ್ದೂರು #ಮಳವಳ್ಳಿ #ಕಾಲುಬಾಯಿಜ್ವರ