ಗಾಳದ ಕಡ್ಡಿಯೂ ಗಡಿಸೀಮೆಯ ಚರಿತ್ರೆಯೂ

ಮೊಳಕಾಲುಮಟ್ಟ ಹರಿಯುವ ನೀರಿನಲ್ಲಿ ನಿಂತು, ಗರಿಯಿಂದ ಕಟ್ಟಿದ ಕೃತಕ ನೊಣವೊಂದನ್ನು ಹೊಳೆಯ ಮೇಲಕ್ಕೆ ಬೀಸುತ್ತ ಹಗಲನ್ನು ಕಳೆಯುವುದೂ, ರಾತ್ರಿ ದೀಪದ ಮುಂದೆ ಅಮೆರಿಕದ ಪಶ್ಚಿಮ ಗಡಿಸೀಮೆಯ ಚರಿತ್ರೆಯನ್ನು ಓದುತ್ತ ಕೂರುವುದೂ ಒಬ್ಬನೇ ಮನುಷ್ಯನ ಹವ್ಯಾಸಗಳೆಂದು ಕೇಳಿದರೆ, ಹಿಪ್ಪುನೇರಳೆ ಸೊಪ್ಪು ಕೊಯ್ದು ಚಂದ್ರಿಕೆಗೆ ಹುಳು ಬಿಡುವ ಕೆಲಸದಲ್ಲಿ ಬಿಡುವೇ ಕಾಣದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಜನ ಅವನ ಬುದ್ಧಿಯ ವಿಷಯದಲ್ಲಿ ಸಂದೇಹಪಟ್ಟರೆ ತಪ್ಪೆನ್ನಲಾಗದು. ಈ ಎರಡು ಹವ್ಯಾಸಗಳೂ ನನಗೆ ಉಂಟು. ಎರಡೂ ಪರದೇಶದ ಶೋಕಿಗಳೆಂಬ ಆಕ್ಷೇಪಣೆಯನ್ನು ಬಂಧುಗಳ ಬಾಯಿಂದ ಕೇಳಿ ಕೇಳಿ ಅಭ್ಯಾಸವೂ ಆಗಿದೆ. ಆದರೆ ಈ ನಾಲ್ಕು ತಾಲ್ಲೂಕುಗಳಿಗೂ ಆ ಹವ್ಯಾಸಗಳಿಗೂ ಇರುವ ಸಂಬಂಧ ಮೇಲುನೋಟಕ್ಕೆ ತೋರುವುದಕ್ಕಿಂತ ಗಾಢವಾದದ್ದೆಂದೂ, ಆ ಸಂಬಂಧವನ್ನು ಅರಿತವರು ಕಾವೇರಿಯ ವಿಷಯದಲ್ಲಿ ಸರಕಾರವನ್ನು ಒಂದು ಮಾತು ಕೇಳಬೇಕಾಗಿದೆಯೆಂದೂ ನನ್ನ ಅಭಿಪ್ರಾಯ.

ಮೊದಲು ಸಲಕರಣೆಯ ಮಾತು. ನಮ್ಮ ಕೆರೆದಂಡೆಯ ಹುಡುಗರು ಎರೆಹುಳುವನ್ನು ಸಿಕ್ಕಿಸಿ ಎಸೆಯುವ ಗಾಳಕ್ಕೆ ಸೀಸದ ಗುಂಡಿನ ಭಾರವಿರುತ್ತದೆ. ಆ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್ ಎಂಬ ನನ್ನ ಈ ಹವ್ಯಾಸದಲ್ಲಿ ಗಾಳಕ್ಕೆ ಕಟ್ಟಿದ ನೊಣಕ್ಕೆ ತೂಕವೆಂಬುದೇ ಇಲ್ಲ, ತೂಕವಿರುವುದು ದಾರಕ್ಕೆ. ಕಡ್ಡಿಯನ್ನು ಹಿಂದಕ್ಕೆ ಬೀಸಿ, ದಾರವು ಬೆನ್ನ ಹಿಂದೆ ಪೂರ್ತಿಯಾಗಿ ನೆಟ್ಟಗಾಗುವವರೆಗೆ ಒಂದು ಕ್ಷಣ ತಡೆದು, ಅನಂತರವೇ ಮುಂದಕ್ಕೆ ಬೀಸತಕ್ಕದ್ದು. ಆ ಒಂದು ಕ್ಷಣದ ತಾಳ್ಮೆ ಇಲ್ಲದವನ ನೊಣ ನೀರಿಗೆ ಬೀಳುವ ಬದಲು ಅವನ ಟೋಪಿಗೇ ಸಿಕ್ಕಿಕೊಳ್ಳುತ್ತದೆ. ನೈಲಾನ್ ಬರುವುದಕ್ಕೆ ಮುಂಚೆ ಆ ದಾರವನ್ನು ರೇಷ್ಮೆಯಿಂದ ಹೆಣೆಯುತ್ತಿದ್ದರು. ನೊಣಕ್ಕೂ ದಾರಕ್ಕೂ ನಡುವೆ ಕಟ್ಟುವ, ಮೀನಿನ ಕಣ್ಣಿಗೆ ಕಾಣಬಾರದ ಸಣ್ಣ ಎಳೆಯನ್ನು ಸ್ಪೇನ್ ದೇಶದ ಮುರ್ಸಿಯಾ ಪ್ರಾಂತದಲ್ಲಿ, ಇನ್ನೇನು ಗೂಡು ಕಟ್ಟಲಿರುವ ಹಣ್ಣುಹುಳುವನ್ನು ವಿನಿಗರಿನಲ್ಲಿ ನೆನೆಯಿಟ್ಟು, ಅದರ ರೇಷ್ಮೆಗ್ರಂಥಿಯನ್ನು ಹೊರತೆಗೆದು ಎಳೆದು ಒಣಗಿಸಿ ಮಾಡುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇದನ್ನು ಹೇಳಿದರೆ ನಂಬುವವರು ಕಡಮೆ. ಇನ್ನು ಇಂಗ್ಲೆಂಡಿನ ಸಾಮನ್ ಮೀನಿನ ನೊಣಗಳಿಗೆ ಅತ್ಯಂತ ಬೆಲೆಯುಳ್ಳ ಅಲಂಕಾರವೆಂದು ಹೆಸರಾದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯ ಹುಂಜದ ಕತ್ತಿನ ಗರಿ; ಆ ಗರಿಯ ತುದಿಯಲ್ಲಿ ಚನ್ನಪಟ್ಟಣದ ಬೊಂಬೆಗೆ ಅರಗು ಹತ್ತಿಸಿದಂಥ ಹೊಳಪಿನ ಹಳದಿ ಬೊಟ್ಟೊಂದು ಇರುತ್ತದೆ. ಸಾವನದುರ್ಗದ ಕಾಡಿನಲ್ಲಿ ಬೆಳಗಿನ ಹೊತ್ತು ಕೂಗುವ ಹಕ್ಕಿ ಅದೇ. ಅದನ್ನು ಬೇಟೆಯಾಡುವುದು ಈಗ ಕಾನೂನಿಗೆ ವಿರುದ್ಧ, ಅದು ಸರಿಯಾದದ್ದೇ.

ಗಾಳ ಹಾಕುವುದು ಪರದೇಶದವರ ವಿನೋದವೆನ್ನುವವರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೇ ಉತ್ತರ ಕೊಟ್ಟಿದ್ದಾನೆ. 12ನೆಯ ಶತಮಾನದ ಪೂರ್ವಾರ್ಧದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ: ಕಡ್ಡಿ ಹೇಗಿರಬೇಕು, ದಾರ ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಬೇಕು ಎಂಬುದನ್ನೆಲ್ಲ ರಾಜಗಾಂಭೀರ್ಯದಿಂದಲೇ ವಿವರಿಸಿದ್ದಾನೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲಿಷರು ತಮ್ಮ ಗಾಳವಿದ್ಯೆಯ ವೇದವೆಂದು ಹೊಗಳುವ ಐಸಾಕ್ ವಾಲ್ಟನ್ನನ ಗ್ರಂಥ ಅಚ್ಚಾದದ್ದು 1653ರಲ್ಲಿ.

ಗಡಿಸೀಮೆಯ ಚರಿತ್ರೆಯ ಮಾತು ಬೇರೆ. ಅದು ನನಗೆ ಹಿಡಿಸಿದ್ದು ಕುದುರೆ ಬಂದೂಕಗಳ ಕಥೆಯಿಂದಲ್ಲ. ಅಂಥ ಕಥೆಗೆ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆ ಕಂಡ ‘ಶೋಲೆ’ಯೇ ನಮಗೆ ಸಾಕು. ಹಿಡಿಸಿದ್ದು ದಿನಚರಿಗಳಿಂದ. 1803ರಲ್ಲಿ ಲೂಯಿಸಿಯಾನ ಪ್ರದೇಶವನ್ನು ಫ್ರಾನ್ಸಿನಿಂದ ಕೊಂಡ ಅಧ್ಯಕ್ಷ ಜೆಫರ್‌ಸನ್, ಪಶ್ಚಿಮದ ಸೀಮೆಯಲ್ಲಿ ಏನಿದೆಯೆಂಬುದನ್ನು ತಿಳಿಯುವುದಕ್ಕಾಗಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಅಧಿಕಾರಿಗಳ ತಂಡವನ್ನು ಮಿಸ್ಸೂರಿ ನದಿಯ ಗುಂಟ ಕಳುಹಿಸಿದ. ಗಿಡ, ಮೃಗ, ಮಣ್ಣು, ಜನ ಎಲ್ಲವನ್ನೂ ಬರೆದಿಡಬೇಕೆಂಬುದು ಆತನ ಅಪ್ಪಣೆ. 1805ರ ಜೂನ್ 13ರಂದು ಆ ನದಿಯ ಮಹಾಜಲಪಾತದ ಬಳಿ ಗುಡ್‌ರಿಚ್ ಎಂಬ ಸಿಪಾಯಿ ಗಾಳದಲ್ಲಿ ಕೆಲವು ಟ್ರೌಟ್ ಮೀನುಗಳನ್ನು ಹಿಡಿದ. ಲೂಯಿಸ್ ಅವುಗಳ ಚುಕ್ಕೆ, ಹಲ್ಲು, ಕೆಂಪು ಗೀಟುಗಳನ್ನು ನೋಡಿ ಬರೆದುಕೊಂಡ. ಆ ಜಾತಿಗೆ ವಿಜ್ಞಾನ ಮುಂದೆ ಕ್ಲಾರ್ಕನ ಹೆಸರನ್ನೂ, ಅದರ ಉಪಜಾತಿಗೆ ಲೂಯಿಸನ ಹೆಸರನ್ನೂ ಇಟ್ಟಿತು. ಇಂದು ಆ ಜಲಪಾತಗಳ ಸಾಲಿನಲ್ಲಿ ಐದು ಅಣೆಕಟ್ಟುಗಳಿವೆ. ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಟ್ರೌಟ್‌ಗಳು ಮೂಲದ ಮೀನನ್ನು ಅದರ ಹಳೆಯ ನೆಲೆಗಳ ಬಹುಭಾಗದಿಂದ ಹೊರದೂಡಿವೆ, ಇಲ್ಲವೇ ಅದರೊಡನೆ ಬೆರೆತು ಅದರ ತಳಿಯನ್ನೇ ಕೆಡಿಸಿವೆ. ಇದನ್ನು ನಾವು ಬಲ್ಲೆವಾದರೆ, ಒಬ್ಬ ಸಿಪಾಯಿ ಏನು ಹಿಡಿದನೆಂಬುದನ್ನು ಇನ್ನೊಬ್ಬನು ಬರೆದಿಟ್ಟಿದ್ದರಿಂದ.

ಇದೇ ಕಾಲದ ಆಸುಪಾಸಿನಲ್ಲಿ ನಮ್ಮ ಸೀಮೆಯಲ್ಲಿ ನಡೆದದ್ದನ್ನು ಹೋಲಿಸಿ ನೋಡಿದರೆ ವಿಸ್ಮಯವಾಗುತ್ತದೆ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕದವರಿಗೆ ಸೋತು ಸೈನ್ಯವನ್ನೊಪ್ಪಿಸಿದ ಕಾರ್ನ್‌ವಾಲಿಸನೇ ಹತ್ತು ವರ್ಷಗಳ ತರುವಾಯ ಮಾಗಡಿಯ ಕಾಡಿನಲ್ಲಿ ತೋಪುಗಳನ್ನು ಎಳೆಸಿಕೊಂಡು ಬಂದು, 1791ರ ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿದವನು. ಅದಕ್ಕೆ ಮೊದಲು ಅದೇ ವರ್ಷದ ಮೇ ತಿಂಗಳಲ್ಲಿ ಅವನು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿಯಾಗಿ ಶ್ರೀರಂಗಪಟ್ಟಣದತ್ತ ಹೊರಟಾಗ, ಶತ್ರುವಿಗೆ ಹುಲ್ಲುಕಡ್ಡಿಯೂ ದೊರೆಯದಂತೆ ಟೀಪು ಸೀಮೆಯನ್ನು ಬರಿದುಮಾಡಿಸಿದ್ದ. ಎತ್ತುಗಳು ಸತ್ತು, ಮಳೆ ಹಿಡಿದು, ದೊಡ್ಡ ತೋಪುಗಳನ್ನು ತಾನೇ ಒಡೆಸಿ ಕಾರ್ನ್‌ವಾಲಿಸ್ ಹಿಂದಿರುಗಬೇಕಾಯಿತು. ಟೀಪುವಿನ ಪತನದ ಮರುವರ್ಷ, 1800ರಲ್ಲಿ, ಗೆದ್ದ ನಾಡಿನಲ್ಲಿ ಏನೇನಿದೆಯೆಂದು ಬರೆದು ತರಲು ಗವರ್ನರ್ ಜನರಲ್ ವೆಲ್ಲೆಸ್ಲಿ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ಕಳುಹಿಸಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಚನ್ನಪಟ್ಟಣದ ವೀಣೆಯ ಉಕ್ಕಿನ ತಂತಿಯುಂಟು, ಮಾಗಡಿಯ ಕಬ್ಬಿಣದ ಕುಲುಮೆಯುಂಟು, ಕಾಡಿನ ಮರಗಳ ಪಟ್ಟಿಯುಂಟು. ಹೊಸದಾಗಿ ಕೈಸೇರಿದ ನೆಲವನ್ನು ಎಣಿಸಿ ಗುರುತು ಹಾಕಿಕೊಳ್ಳುವ ಆಳರಸರ ಆತುರವೇ ಮಿಸ್ಸೂರಿಯಲ್ಲೂ ಅರ್ಕಾವತಿಯಲ್ಲೂ ಒಂದೇ ದಶಕದಲ್ಲಿ ಲೇಖನಿ ಹಿಡಿಸಿತು. ಲೂಯಿಸನ ದಿನಚರಿಯನ್ನು ಆಸೆಪಟ್ಟು ಓದುವ ನಮ್ಮ ಹುಡುಗರು ಬುಕಾನನ್‌ನನ್ನು ಪಠ್ಯಪುಸ್ತಕದ ಅಡಿಟಿಪ್ಪಣಿಯಾಗಿ ಮಾತ್ರ ಬಲ್ಲರೆಂಬುದು ನನಗೆ ಬೇಸರದ ಸಂಗತಿ.

ಈ ಬಗೆಯ ಬರವಣಿಗೆಯನ್ನು ಮುಗ್ಧವಾಗಿ ಓದಬಾರದೆಂಬುದೂ ನಿಜ. 1890ರ ಜನಗಣತಿಯಾದ ಮೇಲೆ ಗಡಿರೇಖೆಯೇ ಇಲ್ಲವಾಯಿತೆಂದು ಹೇಳಿ, 1893ರಲ್ಲಿ ಅದರ ಚಾರಿತ್ರಿಕ ಮಹತ್ತ್ವವನ್ನು ಪ್ರತಿಪಾದಿಸಿದ ಟರ್ನರ್ ಪಂಡಿತನ ಕಣ್ಣಿಗೆ, ಅಲ್ಲಿ ಆಗಲೇ ಮನೆ ಮಾಡಿಕೊಂಡಿದ್ದ ಜನ ಬಹುಮಟ್ಟಿಗೆ ಬೀಳುನೆಲದ ಒಂದು ಭಾಗವಾಗಿಯೇ ಕಂಡರು. ಅವರ ಅನ್ನವಾಗಿದ್ದ ಕೋಟಿಗಟ್ಟಲೆ ಕಾಡೆಮ್ಮೆಗಳು ಆ ವೇಳೆಗೆ ಕೆಲವು ನೂರಕ್ಕೆ ಇಳಿದಿದ್ದವು. ನಮ್ಮ ಗುಡ್ಡಗಳ ಇರುಳಿಗರಿಗೂ ಕಾಡು ಗಡಿಯಾಗಿರಲಿಲ್ಲ, ಮನೆಯಾಗಿತ್ತು. ಅವರು ಬಲ್ಲದ್ದನ್ನು ಯಾವ ಸಾಹೇಬನೂ ಪೂರ್ತಿಯಾಗಿ ಬರೆದುಕೊಳ್ಳಲಿಲ್ಲ.

ಈಗ ಕಾವೇರಿಗೆ ಬರುತ್ತೇನೆ. ಅರ್ಕಾವತಿ ಬಂದು ಕೂಡುವ ಸಂಗಮದಿಂದ ಮೇಕೆದಾಟಿನ ಸುತ್ತಣ ಕೊರಕಲುಗಳವರೆಗಿನ ನದಿಯ ಮಡುಗಳಲ್ಲಿ ಮಾಶೀರ್ ಎಂದು ಜಗತ್ತು ಕರೆಯುವ, ಹೊಳೆಯ ದಂಡೆಯ ಜನ ಬಿಳಿಮೀನೆನ್ನುವ ಮಹಾಮತ್ಸ್ಯವಿದೆ. ಅದರಲ್ಲಿ ಗೂನುಬೆನ್ನಿನ ಒಂದು ಜಾತಿ ಕಾವೇರಿಯ ಜಲಾನಯನವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಪ್ರಾಣಿಗಳ ಚರ್ಮ ಹದಮಾಡುವುದರಲ್ಲಿ ಪ್ರಸಿದ್ಧರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮೀನು 120 ಪೌಂಡ್ ತೂಗಿತ್ತು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ತರುಣರು ಈ ಮೀನು ಇನ್ನೂ ಉಳಿದಿದೆಯೆಂದು ತೋರಿಸಿಕೊಟ್ಟ ಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳಗಾರರ ಬಿಡಾರಗಳು ಎದ್ದವು. ಹಿಡಿದ ಮೀನನ್ನು ತೂಗಿ ಮರಳಿ ನೀರಿಗೆ ಬಿಡತಕ್ಕದ್ದೆಂಬ ನಿಯಮ ನೆಲೆಗೊಂಡಿತು. ಹಿಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲಿ ಕೆಲವರು ಹರಿಗೋಲು ನಡೆಸುವ ಮಾರ್ಗದರ್ಶಿಗಳಾದರು. ಇಲ್ಲಿ ನೊಣಕ್ಕಿಂತ ಹೆಚ್ಚಾಗಿ ನಡೆದದ್ದು ನಮ್ಮ ರಾಗಿಮುದ್ದೆ: ಬೇಯಿಸಿ ಗಟ್ಟಿಯಾಗಿ ನಾದಿದ ಉಂಡೆಯನ್ನು ದೊಡ್ಡ ಗಾಳಕ್ಕೆ ಮೆತ್ತಿ ಸುಳಿಯ ಅಂಚಿಗೆ ಎಸೆಯುವುದು. ಫ್ಲೈ ಫಿಶಿಂಗಿನ ಮಡಿವಂತರು ಇದಕ್ಕೆ ಮೂಗು ಮುರಿಯಬಹುದು. ಮೀನಿಗೆ ಅಂಥ ಮಡಿಯಿಲ್ಲ.

ನದಿಯ ಈ ಭಾಗವನ್ನೊಳಗೊಂಡ ವನ್ಯಧಾಮ ಘೋಷಿತವಾದದ್ದು 1987ರಲ್ಲಿ. ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನ್ಯಾಯದ ಮೇಲೆ 2012ರ ಸುಮಾರಿಗೆ ಆ ಬಿಡಾರಗಳ ಗಾಳ ನಿಂತಿತು. ಅದು ನಿಂತ ಮೇಲೆ ಬೆಳಕಿಗೆ ಬಂದ ಸಂಗತಿಯೊಂದುಂಟು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟಿದ್ದ ದಾಖಲೆ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್ ಮೊದಲಾದ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು: ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ, ಅದರ ಸ್ಥಾನದಲ್ಲಿ ನೀಲಿ ರೆಕ್ಕೆಯ ಮಾಶೀರ್ ಹೆಚ್ಚಿತ್ತು. ನೀಲಿ ರೆಕ್ಕೆಯದು ನದಿಯನ್ನು ಉದ್ಧರಿಸುವ ಸದುದ್ದೇಶದಿಂದಲೇ ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ಜಾತಿ. ಮಿಸ್ಸೂರಿಯ ಟ್ರೌಟಿಗೆ ಒದಗಿದ ಗತಿಯೇ ನಮ್ಮ ಬಿಳಿಮೀನಿಗೂ ಒದಗಿದೆಯೆಂಬುದು ತಿಳಿದದ್ದು ಸರಕಾರದ ಗಣತಿಯಿಂದಲ್ಲ, ವಿನೋದಕ್ಕೆ ಬಂದವರ ನೋಟುಪುಸ್ತಕದಿಂದ. 2018ರಲ್ಲಿ ಈ ಮೀನಿಗೆ ‘ಟೋರ್ ರೇಮಾದೇವಿ’ ಎಂಬ ವೈಜ್ಞಾನಿಕ ನಾಮ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಆ ನೋಟುಪುಸ್ತಕ ಈಗ ಇಲ್ಲ.

ಮನುಷ್ಯನ ಸಂತೋಷಕ್ಕಾಗಿ ಮೂಕಜೀವಿಯ ಬಾಯಿಗೆ ಕಬ್ಬಿಣ ಚುಚ್ಚುವುದು ಧರ್ಮವೇ ಎಂದು ಕೇಳುವವರ ಮಾತನ್ನು ನಾನು ಲಘುವಾಗಿ ಕಾಣುವುದಿಲ್ಲ. ಕಾವೇರಿಯ ಮೇಲಣ ರಾಮನಾಥಪುರದಲ್ಲಿ ಮೀನನ್ನು ದೇವರದೆಂದು ಕಾಪಾಡಿಕೊಂಡು ಬಂದ ಸಂಪ್ರದಾಯ ನನ್ನ ವಿನೋದಕ್ಕಿಂತ ಉನ್ನತವಾದದ್ದೆಂದೂ ಒಪ್ಪುತ್ತೇನೆ. ಆದರೆ ದೇವರ ಕಾವಲು ಇಡೀ ನದಿಗಿಲ್ಲ. ಕಾಯ್ದೆಗೆ ಹೆದರಿ ದೂರವಿರುವವನು ಹಿಡಿದ ಮೀನನ್ನು ಮರಳಿ ಬಿಡುವ ಗಾಳಗಾರ. ಕತ್ತಲಲ್ಲಿ ಸಿಡಿಮದ್ದು ಎಸೆಯುವವನಿಗೆ ಆ ಹೆದರಿಕೆಯಿಲ್ಲ. ಹಗಲೆಲ್ಲ ದಂಡೆಯಲ್ಲಿ ನಾಲ್ಕು ಜನ ಕಡ್ಡಿ ಹಿಡಿದು ನಿಂತಿರುವ ಕಡೆ ಸಿಡಿಮದ್ದಿನ ಸದ್ದು ಆಗುವುದು ಕಷ್ಟ.

ಆದುದರಿಂದ ಕನಕಪುರದ ಕಡೆಯ ನದಿಯ ಕೆಲವು ಗೊತ್ತಾದ ಮಡುಗಳಲ್ಲಿ ಪರವಾನಗಿಯ ಮೇಲೆ ಗಾಳಕ್ಕೆ ಮತ್ತೆ ಅವಕಾಶವಾಗಬೇಕು. ಅದಕ್ಕೆ ಕಾಯ್ದೆಯ ತಿದ್ದುಪಡಿ ಅವಶ್ಯಕವಾದರೆ ಅದೂ ಆಗಲಿ. ಮೀನು ಮೊಟ್ಟೆಯಿಡಲು ಹೊಳೆಯೇರುವ ಮಳೆಗಾಲದಲ್ಲೂ, ನೀರಿಳಿದು ಕಾದಿರುವ ಕಡುಬೇಸಗೆಯಲ್ಲೂ ಗಾಳ ಕೂಡದು. ಹಿಮ್ಮುಖದ ಮುಳ್ಳಿಲ್ಲದ ಒಂಟಿ ಗಾಳ ಮಾತ್ರ ಇರಲಿ. ಮೀನನ್ನು ನೀರಿನಿಂದ ಎತ್ತಿ ಚಿತ್ರ ತೆಗೆಯುವ ಚಪಲವನ್ನು ನಿಷೇಧಿಸಲಿ. ಹರಿಗೋಲಿನವರೂ ಕಾವಲಿನವರೂ ದಂಡೆಯ ಹಳ್ಳಿಗಳವರೇ ಆಗಿರಲಿ. ಗಾಳಗಾರನಿಗೆ ದಾಖಲೆ ಬರೆಯುವುದು ವಿನೋದವಲ್ಲ, ಕರ್ತವ್ಯವಾಗಿರಲಿ: ದಿನಾಂಕ, ಮಡುವಿನ ಹೆಸರು, ಜಾತಿ, ಉದ್ದ, ನೀರಿನ ಸ್ಥಿತಿ. ಬರೆಯದವನಿಗೆ ಮರುಸಲದ ಪರವಾನಗಿ ಬೇಡ. ಆ ಪುಸ್ತಕ ಕನ್ನಡದಲ್ಲಿರಬೇಕು, ಏಕೆಂದರೆ ಯಾವ ಬಂಡೆಯ ಕೆಳಗೆ ಯಾವ ತಿಂಗಳಲ್ಲಿ ಬಿಳಿಮೀನು ನಿಲ್ಲುತ್ತದೆಂಬುದನ್ನು ಪರವೂರಿನ ಗಾಳಗಾರನಿಗಿಂತ ಮೊದಲೇ ಬಲ್ಲ ಹರಿಗೋಲಿನವನೂ ಅದರಲ್ಲಿ ತನ್ನ ಕೈಬರಹದಲ್ಲೇ ಬರೆಯುವಂತಾಗಬೇಕು.

ಇದಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಬೆಂಗಳೂರಿನ ಕುಡಿಯುವ ನೀರಿಗಾಗಿ ಮೇಕೆದಾಟಿನ ಬಳಿ 67 ಟಿಎಂಸಿ ನೀರು ನಿಲ್ಲುವ ಜಲಾಶಯದ ಯೋಜನೆ ಸಿದ್ಧವಾಗಿದೆ. ಹರಿಯುವ ನೀರನ್ನೂ ಕಲ್ಲುಹರಳಿನ ತಳವನ್ನೂ ಬಯಸುವ ಮೀನಿಗೆ ನಿಂತ ನೀರಿನ ಆಳದಲ್ಲಿ ಸಂತಾನ ಬೆಳೆಯುವುದು ದುಸ್ಸಾಧ್ಯ. ಅದೇ ಬೆಂಗಳೂರಿನ ಚರಂಡಿಯ ನೀರು ವೃಷಭಾವತಿಯ ಮೂಲಕ ಅರ್ಕಾವತಿಗೆ ಇಳಿದು ಸಂಗಮದ ಕಡೆಗೇ ಬರುತ್ತಿದೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಣೆಕಟ್ಟು ಆಗಬೇಕೆ ಕೂಡದೆ ಎಂಬ ವಿವಾದ ನ್ಯಾಯಾಲಯಗಳಲ್ಲೂ ಎರಡು ರಾಜ್ಯಗಳ ನಡುವೆಯೂ ನಡೆದೇ ಇರಲಿ. ಅದು ತೀರುವ ಮುನ್ನ ಯಾವ ಮಡುವಿನಲ್ಲಿ ಗೂನುಬೆನ್ನಿನ ಮೀನು ಇನ್ನೂ ಉಳಿದಿದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಬರೆಹದಲ್ಲಿ ಇರತಕ್ಕದ್ದು. ಅರಣ್ಯ ಇಲಾಖೆಯೂ ಮೀನುಗಾರಿಕೆ ಇಲಾಖೆಯೂ ಕೂಡಿ ಬರುವ ಮಳೆಗಾಲ ಮುಗಿಯುತ್ತಲೇ ಪರವಾನಗಿಯ ಕರಡನ್ನು ಪ್ರಕಟಿಸಿ, ಕನಕಪುರದಲ್ಲಿ ದಂಡೆಯ ಹಳ್ಳಿಗಳವರನ್ನು ಕರೆದು ಅವರ ಅಭಿಪ್ರಾಯವನ್ನು ಕೇಳಲಿ.