ದುಂಡಕ್ಷರಕ್ಕೆ ಗೋಡೆ ಕೊಡಿ

ನಲಿ-ಕಲಿ ತರಗತಿಯ ನನ್ನ ಮಕ್ಕಳಿಗೆ ‘ಬಾಲೂ ತಮ್ಮ’ ಫಾಂಟಿನ ಅಕ್ಷರಗಳನ್ನು ಬರೀ ಹೊರಗೆರೆಯಲ್ಲಿ, ದೊಡ್ಡದಾಗಿ ಮುದ್ರಿಸಿ ಕೊಡುತ್ತೇನೆ. ಮುಂಬೈನ ಏಕ್ ಟೈಪ್ ತಂಡ ರೂಪಿಸಿದ ಈ ದಪ್ಪ, ದುಂಡು ಫಾಂಟ್ ಎಲ್ಲರಿಗೂ ಉಚಿತ. ‘ಠ’ದ ಗೆರೆಗಳ ನಡುವೆ ಹುಣಸೆಬೀಜ ಜೋಡಿಸುತ್ತಾ ಮಕ್ಕಳು ಅದರ ತಿರುವನ್ನು ಬೆರಳಲ್ಲೇ ಕಲಿಯುತ್ತಾರೆ. ನಮ್ಮ ಲಿಪಿಯೇ ದುಂಡಗಿನದು, ಹಾಗಾಗಿ ಈ ಆಟ ಅದಕ್ಕೆ ಸಹಜವಾಗಿ ಒಗ್ಗುತ್ತದೆ.

ಆದರೆ ಈ ಹೊರಗೆರೆ ಅಕ್ಷರವನ್ನೇ ಸುತ್ತೋಲೆಗೂ ಆಮಂತ್ರಣದ ಸಣ್ಣ ಸಾಲುಗಳಿಗೂ ಬಳಸುವುದನ್ನು ನಾನು ಒಪ್ಪಲಾರೆ. ಗಾತ್ರ ಇಳಿದಂತೆ ಗೆರೆಗಳ ನಡುವಿನ ಬಿಳಿ ಮುಚ್ಚಿಹೋಗುತ್ತದೆ. ಮೊದಲು ಕೆಡುವುದು ಒತ್ತಕ್ಷರ. ‘ರಾಷ್ಟ್ರೀಯ’ ಎಂದು ಹೊರಗೆರೆಯಲ್ಲಿ ಚಿಕ್ಕದಾಗಿ ಮುದ್ರಿಸಿ ನೋಡಿ, ಷಕಾರದ ಕೆಳಗೆ ಮಸಿಯ ಮುದ್ದೆಯಷ್ಟೇ ಕಾಣುತ್ತದೆ. ಶಾಲೆಯ ಗೋಡೆ, ಮಕ್ಕಳ ಪುಸ್ತಕದ ಮುಖಪುಟ, ಜಾತ್ರೆಯ ಬ್ಯಾನರ್‌ಗಳಲ್ಲಿ ಮಾತ್ರ ಧಾರಾಳವಾಗಿ ಬರಲಿ. ಈ ಬೇಸಿಗೆಯಲ್ಲಿ ಶಾಲೆಗೆ ಸುಣ್ಣ ಬಳಿಸುವವರು ಒಂದು ಗೋಡೆಯನ್ನಾದರೂ ಇದಕ್ಕೆ ಬಿಡಿ.